ಮುಯ್ಯಿಯ ಮತ, ಗೆದ್ದ ಕಾರು

“ಅಣ್ಣಾ, ಈ ಲಿಂಕ್ ಒತ್ರಿ, ನಮ್ಮ ಗಾಡಿಗೊಂದು ಓಟ್ ಹಾಕ್ರಿ. ಇವತ್ತ ರಾತ್ರಿ ಹನ್ನೆರಡಕ್ಕ ಬಂದ್ ಆಗ್ತದ.”

ಇಂಥ ಸಂದೇಶ ಬಾರದ ಫೋನ್ ಈಗ ಇಲ್ಲವೆನ್ನಬೇಕು. ಒಮ್ಮೆ ಕೂಸಿನ ಫೋಟೊಕ್ಕೆ, ಒಮ್ಮೆ ತಂಗಿಯ ರಂಗೋಲಿಗೆ, ಒಮ್ಮೆ ಊರಿನ ಹುಡುಗ ಹಾಡಿದ ಹಾಡಿಗೆ, ಮತ್ತೊಮ್ಮೆ ಯಾರದೋ ಕಾರಿಗೆ. ನಾವು ಒತ್ತುತ್ತೇವೆ, ಹೆಬ್ಬೆರಳಿನ ಚಿತ್ರ ಕಳಿಸುತ್ತೇವೆ, ಮರೆಯುತ್ತೇವೆ. ಸ್ಪರ್ಧೆಯಲ್ಲಿದ್ದ ಉಳಿದ ಕೂಸುಗಳನ್ನಾಗಲಿ ಕಾರುಗಳನ್ನಾಗಲಿ ನೋಡಿರುವುದಿಲ್ಲ. ಎರಡು ಸೆಕೆಂಡಿನ ಕೆಲಸ ಇದು. ಆದರೆ ಆ ಎರಡು ಸೆಕೆಂಡಿನಲ್ಲಿ ನಾವು ಹೇಳಿದ್ದೇನು? “ಈ ಕಾರು ಎಲ್ಲಕ್ಕಿಂತ ಚೆಂದ” ಎಂದೋ, “ನೀನು ನನ್ನವನು” ಎಂದೋ? ಎರಡನೆಯದನ್ನು ಹೇಳಿ ಮೊದಲನೆಯದೆಂದು ಎಣಿಸಲು ಬಿಟ್ಟರೆ ಅದು ಸುಳ್ಳಾಗುತ್ತದೆಯೇ?

ಪ್ರಶ್ನೆಯನ್ನು ಸ್ಪಷ್ಟವಾಗಿ ನೋಡಲು ಒಂದು ಕತೆ ಕಟ್ಟಿಕೊಳ್ಳೋಣ. ಇದು ನಡೆದದ್ದಲ್ಲ, ಆದರೆ ನಡೆಯಲಾರದ್ದೂ ಅಲ್ಲ. ಶಹಾಪುರದಲ್ಲಿ ಒಬ್ಬ ಹುಡುಗ. ಅವನ ತಂದೆ ಒಂದು ಕಾಲಕ್ಕೆ ಅಂಬಾಸಿಡರ್ ಓಡಿಸುತ್ತಿದ್ದ. ಶಹಾಪುರಕ್ಕೂ ಸುರಪುರಕ್ಕೂ ಆಗ ರೈಲಿರಲಿಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದವರನ್ನು ಅವನ ಕಾರು ಊರು ಮುಟ್ಟಿಸುತ್ತಿತ್ತು. ಆಮೇಲೆ ಟಂಟಂ ಬಂದವು, ಕ್ರೂಸರ್ ಬಂದವು. ಕಾರು ಬೇವಿನ ಮರದ ಕೆಳಗೆ ನಿಂತಿತು. 2014ರಲ್ಲಿ ಕೋಲ್ಕತ್ತದ ಹತ್ತಿರದ ಉತ್ತರಪಾರಾದ ಕಾರ್ಖಾನೆಯೇ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಮಗ ಅದನ್ನು ಗುಜರಿಗೆ ಕೊಡಲಿಲ್ಲ. ತುಕ್ಕು ತಿಂದ ತಗಡು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿದ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಸ್ಟಿಯರಿಂಗ್ ಪಕ್ಕದ ಗೇರಿನ ಹಿಡಿಕೆ ಹುಡುಕಲು ಆರು ತಿಂಗಳು ಕಳೆದ. ಅವನಂಥದೇ ಹುಚ್ಚಿನ ಗೆಳೆಯರು ಯಾದಗಿರಿ, ಕಲಬುರಗಿ, ಸೊಲ್ಲಾಪುರ, ಹೈದರಾಬಾದುಗಳಲ್ಲಿ ಸಿಕ್ಕರು. ಒಬ್ಬ ಹೆಡ್‌ಲೈಟಿನ ರಿಂಗ್ ಕಳಿಸಿದ, ಇನ್ನೊಬ್ಬ ಬಣ್ಣದ ಮೂಲ ಛಾಯೆ ಯಾವುದೆಂದು ಹೇಳಿದ. ಕೊನೆಗೆ ಕಾರು ಎದ್ದು ನಿಂತಿತು. “ಅತ್ಯಂತ ಜನಪ್ರಿಯ ಹಳೆ ಕಾರು” ಎಂಬ ಆನ್‌ಲೈನ್ ಸ್ಪರ್ಧೆಗೆ ಅದರ ಫೋಟೊ ಹೋಯಿತು. ಗೆಳೆಯರು ತಾವೂ ಒತ್ತಿದರು, ತಮ್ಮವರಿಂದಲೂ ಒತ್ತಿಸಿದರು. ಕಾರು ಗೆದ್ದಿತು.

ಅದೇ ಸ್ಪರ್ಧೆಯಲ್ಲಿ ಸುರಪುರದ ಒಬ್ಬ ನಿವೃತ್ತ ಮೇಷ್ಟ್ರ ಫಿಯಟ್ ಕೂಡ ಇತ್ತು ಎಂದುಕೊಳ್ಳಿ. ನಲವತ್ತು ವರ್ಷ ಒಂದೇ ಕೈಯಲ್ಲಿದ್ದ ಕಾರು. ಒಂದು ಬಿಡಿಭಾಗವೂ ಬದಲಾಗಿಲ್ಲ, ಸೀಟಿನ ಹೊಲಿಗೆ ಕೂಡ ಕಂಪನಿಯದೇ. ಬಲ್ಲವರು ನೋಡಿದರೆ ಅದೇ ಮೇಲೆಂದು ಹೇಳುತ್ತಿದ್ದರೇನೋ. ಮೇಷ್ಟ್ರಿಗೆ ಯಾರನ್ನೂ ಕೇಳುವ ಅಭ್ಯಾಸವಿಲ್ಲ. ಬಿದ್ದದ್ದು ಹನ್ನೆರಡು ಮತ. ಈಗ ಹೇಳಿ: ಹುಡುಗ ಗೆದ್ದನೇ? ಮೇಷ್ಟ್ರಿಗೆ ಅನ್ಯಾಯವಾಯಿತೇ?

ಇದಕ್ಕೆ ಎರಡು ಸುಲಭದ ಉತ್ತರಗಳಿವೆ. “ನಿಯಮದಲ್ಲಿ ಕೇಳಬಾರದು ಅಂತ ಎಲ್ಲಿತ್ತು?” ಎನ್ನುವುದು ಒಂದು. “ಇದೆಲ್ಲ ಮೋಸ” ಎನ್ನುವುದು ಇನ್ನೊಂದು. ಮೊದಲನೆಯದು ನಿಯಮದ ಮಾತು, ನೀತಿಯ ಮಾತಲ್ಲ. ನಿಯಮ ಬಿಟ್ಟದ್ದೆಲ್ಲ ಸರಿ ಎಂದಾಗುವುದಿಲ್ಲ. ಎರಡನೆಯದೂ ಅವಸರದ್ದು. ಇಲ್ಲದ ಮನುಷ್ಯರ ಹೆಸರಿನಲ್ಲಿ ಖಾತೆ ತೆರೆದು ಮತ ಒತ್ತುವುದು ಮೋಸ, ಅದರಲ್ಲಿ ಚರ್ಚೆಯಿಲ್ಲ. ಇಲ್ಲಿ ಒತ್ತಿದವರೆಲ್ಲ ನಿಜವಾದ ಜನ, ತಮ್ಮ ಇಷ್ಟದಿಂದ ಒತ್ತಿದವರು. ಮೋಸವೆನ್ನಲು ಬಾರದ, ಆದರೂ ಮನಸ್ಸಿಗೆ ಒಂದಿಷ್ಟು ಚುಚ್ಚುವ ಈ ನಡುವಿನ ಜಾಗವೇ ಯೋಚಿಸಬೇಕಾದದ್ದು.

ಬಹಳ ಜನ ಸೇರಿ ಹೇಳಿದ್ದಕ್ಕೆ ಬೆಲೆ ಬರುವುದು ಯಾಕೆ? 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಒಂದು ಪಂಥವಿತ್ತು. ಒಂದು ಎತ್ತನ್ನು ತೋರಿಸಿ, ಕಡಿದು ಶುಚಿ ಮಾಡಿದ ಮೇಲೆ ಅದರ ಮಾಂಸದ ತೂಕ ಎಷ್ಟಾದೀತೆಂದು ಊಹಿಸಬೇಕು. ಆರು ಪೆನ್ನಿ ಕೊಟ್ಟು ಚೀಟಿ ಬರೆಯಬೇಕು. ಆಮೇಲೆ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಆ ಚೀಟಿಗಳನ್ನು ತರಿಸಿಕೊಂಡು ಲೆಕ್ಕ ಹಾಕಿದ. 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನಟ್ಟನಡುವಿನ ಊಹೆ 1,207 ಪೌಂಡು. ನಿಜವಾದ ತೂಕ 1,198 ಪೌಂಡು. ಕಟುಕರು, ರೈತರು, ಏನೂ ಗೊತ್ತಿಲ್ಲದವರು ಎಲ್ಲ ಸೇರಿ ಸತ್ಯದ ಹತ್ತಿರ ಹೋಗಿದ್ದರು. 1907ರಲ್ಲಿ ಪ್ರಕಟವಾದ ಆ ಲೇಖನಕ್ಕೆ ಗಾಲ್ಟನ್ ಕೊಟ್ಟ ಲ್ಯಾಟಿನ್ ತಲೆಬರಹದ ಅರ್ಥ ‘ಜನವಾಣಿ’.

ಆದರೆ ಅಲ್ಲಿ ಪ್ರತಿಯೊಬ್ಬನೂ ಎತ್ತನ್ನು ನೋಡಿ, ತನ್ನ ತಲೆ ಓಡಿಸಿ, ತನ್ನ ಕಾಸು ಕೊಟ್ಟು ಬರೆದಿದ್ದ. “ನಮ್ಮ ಮಾವ 1,300 ಬರೆದಾರ, ನೀವೂ ಅದನ್ನೇ ಬರೀರಿ” ಎಂದು ಯಾರೂ ಚೀಟಿ ಹಂಚಿರಲಿಲ್ಲ. ಬಹುಮತಕ್ಕೆ ಬೆಲೆ ಬರುವುದು ಹಲವು ಕಣ್ಣುಗಳು ಬೇರೆ ಬೇರೆಯಾಗಿ ನೋಡಿವೆ ಎಂಬ ಕಾರಣಕ್ಕೆ. ಫ್ರಾನ್ಸಿನ ಕಾಂಡೋರ್ಸೆ 1785ರಲ್ಲೇ ಇದನ್ನು ಗಣಿತದಲ್ಲಿ ಹೇಳಿದ್ದ. ಪ್ರತಿಯೊಬ್ಬನೂ ತಪ್ಪಿಗಿಂತ ಸರಿಯನ್ನೇ ತುಸು ಹೆಚ್ಚು ಸಲ ಹೇಳುವವನಾಗಿದ್ದು, ಒಬ್ಬನ ತೀರ್ಪು ಇನ್ನೊಬ್ಬನಿಗೆ ಅಂಟಿಕೊಳ್ಳದಿದ್ದರೆ, ಜನ ಹೆಚ್ಚಿದಷ್ಟೂ ಬಹುಮತ ಸರಿಯಾಗುವ ಸಂಭವ ಹೆಚ್ಚುತ್ತದೆ ಎಂಬುದು ಅವನ ಸೂತ್ರ. ಲಿಂಕ್ ಒತ್ತಿದ ಮುನ್ನೂರು ಜನ ಆ ಲೆಕ್ಕದಲ್ಲಿ ಮುನ್ನೂರು ತೀರ್ಪಾಗುವುದಿಲ್ಲ. ಅದು ಒಂದೇ ತೀರ್ಪು, ಮುನ್ನೂರು ಸಲ ಬರೆದದ್ದು.

ಸಾಹಿತ್ಯದ ಓದುಗರಿಗೆ ಇದರ ರುಚಿ ಗೊತ್ತಿರಬೇಕು. 1998ರಲ್ಲಿ ಅಮೆರಿಕದ ಮಾಡರ್ನ್ ಲೈಬ್ರರಿ ಪ್ರಕಾಶನ ಇಪ್ಪತ್ತನೆಯ ಶತಮಾನದ ನೂರು ಶ್ರೇಷ್ಠ ಇಂಗ್ಲಿಷ್ ಕಾದಂಬರಿಗಳ ಪಟ್ಟಿ ಮಾಡಿತು. ಅದರ ಮಂಡಳಿ ಮೊದಲ ಸ್ಥಾನಕ್ಕೆ ಆರಿಸಿದ್ದು ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’. ಜೊತೆಗೆ ಇಂಟರ್ನೆಟ್ಟಿನಲ್ಲಿ ಓದುಗರ ಮತವನ್ನೂ ಕೇಳಿದರು. ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಓದುಗರ ಮೊದಲ ಹತ್ತರಲ್ಲಿ ನಾಲ್ಕು ಐನ್ ರ‍್ಯಾಂಡ್ ಅವರವು, ಮೂರು ಎಲ್. ರಾನ್ ಹಬಾರ್ಡ್ ಅವರವು! ಇಬ್ಬರಿಗೂ ನಿಷ್ಠಾವಂತ ಅನುಯಾಯಿಗಳ ಪಡೆಯಿದೆ. ಆ ಪಟ್ಟಿ ಸುಳ್ಳೇ? ಅಲ್ಲ. ಯಾವ ಲೇಖಕರಿಗೆ ಎಂಥ ಪಡೆಯಿದೆ ಎಂಬುದನ್ನು ಅದು ಬಹಳ ಚೆನ್ನಾಗಿ ಹೇಳುತ್ತದೆ. ತಲೆಬರಹದಲ್ಲಿದ್ದ ‘ಶ್ರೇಷ್ಠ’ ಎಂಬ ಮಾತಿಗೆ ಮಾತ್ರ ಅದರಿಂದ ಪುರಾವೆ ಸಿಗುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಹುಡುಗನ ಗೆಲುವು ಬರೀ ಗದ್ದಲವೆಂದು ತೀರ್ಮಾನವಾಗಿಬಿಡುತ್ತದೆ. ಹಾಗೆ ತೀರ್ಮಾನಿಸಲು ನನಗೆ ಮನಸ್ಸಿಲ್ಲ. ಮತವೆಂದರೆ ತೀರ್ಪು ಮಾತ್ರ ಎಂದುಕೊಂಡಿದ್ದರಿಂದ ಹಾಗೆ ಕಂಡಿತು. ನಮ್ಮ ಭಾಷೆಯಲ್ಲಿ ಇದಕ್ಕೆ ಇನ್ನೊಂದು ಮಾತಿದೆ: ಮುಯ್ಯಿ. ಮದುವೆಯಲ್ಲಿ ಬಟ್ಟೆ ಕೊಟ್ಟವರ, ದುಡ್ಡು ಕೊಟ್ಟವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ನಾಳೆ ಅವರ ಮನೆಯ ಮದುವೆಯಲ್ಲಿ ಅದಕ್ಕೆ ಕಡಿಮೆಯಾಗದಂತೆ ತಿರುಗಿ ಮಾಡಬೇಕು. ಹೊಲದಲ್ಲಿ ಮುಯ್ಯಾಳು: ಇವತ್ತು ನಿಮ್ಮ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ರಾಶಿಗೆ ನೀವು. ಕೂಲಿಯ ಕಾಸಿಲ್ಲದ ಊರುಗಳು ಬದುಕಿದ್ದು ಈ ಲೆಕ್ಕದ ಮೇಲೆ. ಮುಯ್ಯಿ ಕೊಡುವವನು ಮದುಮಗ ಜಿಲ್ಲೆಯಲ್ಲೇ ಅತ್ಯುತ್ತಮನೋ ಎಂದು ಕೇಳುವುದಿಲ್ಲ. “ನಿಮ್ಮ ಮನೆಯ ಸಂತೋಷದಲ್ಲಿ ನಾನಿದ್ದೇನೆ” ಎನ್ನುತ್ತಾನೆ. ಅದು ಅಳೆಯುವ ಮಾತೇ ಅಲ್ಲ, ಹಾಗಾಗಿ ತಪ್ಪು ಅಳತೆಯೂ ಅಲ್ಲ.

ಗೆಳೆಯರ ಮತಗಳನ್ನು ಹೀಗೆ ನೋಡಿದರೆ ಬೇರೆಯೇ ಕಾಣುತ್ತವೆ. ಹೆಡ್‌ಲೈಟಿನ ರಿಂಗ್ ಕಳಿಸಿದವನ ಮತ ಅಜ್ಞಾನದ ಮತವಲ್ಲ. ಆ ಕಾರಿನ ಒಳಹೊರಗು ಅವನಷ್ಟು ಯಾವ ತೀರ್ಪುಗಾರನಿಗೂ ಗೊತ್ತಿಲ್ಲ. ಅವನದು ಸಾಕ್ಷಿಯ ಮತ. ಕಾರು ನೋಡದಿದ್ದರೂ ಹುಡುಗನ ಆರು ತಿಂಗಳ ಅಲೆದಾಟ ಕಂಡವನದು ಮುಯ್ಯಿಯ ಮತ. ಆ ಗೆಳೆಯನ ತಮ್ಮನ ಆಫೀಸಿನವನು ಊಟದ ಬಿಡುವಿನಲ್ಲಿ ಒತ್ತಿದ್ದು ಬರೀ ಸಂಖ್ಯೆ. ಸಂದೇಶ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟುತ್ತ ಹೋದಂತೆ ತಿಳಿವಳಿಕೆಯೂ ತೆಳುವಾಗುತ್ತದೆ, ಪ್ರೀತಿಯೂ ತೆಳುವಾಗುತ್ತದೆ. ತೆಳುವಾಗದೆ ಉಳಿಯುವುದು ಎಣಿಕೆ ಒಂದೇ. ಪರದೆಯ ಮೇಲೆ ಮೂವರೂ ಒಂದೊಂದೇ.

ಇದರಲ್ಲಿ ಕೆಟ್ಟದ್ದೇನು ಎಂದು ಹುಡುಕಿದರೆ ನನಗೆ ಕಾರ ಹುಣ್ಣಿಮೆ ನೆನಪಾಗುತ್ತದೆ. ನಮ್ಮ ಕಡೆ ಅಂದು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲು ಹೊದಿಸಿ ಮೆರೆಸುತ್ತಾರೆ. ಸಂಜೆ ಅಗಸಿಯಲ್ಲಿ ಕರಿ ಹರಿಯುವುದು. ಅಡ್ಡಕ್ಕೆ ಕಟ್ಟಿದ ಕರಿಯನ್ನು ಮೊದಲು ಹರಿದುಕೊಂಡು ಹೋದ ಎತ್ತಿನ ಬಣ್ಣ ನೋಡಿ, ಈ ಸಲ ಮುಂಗಾರಿ ಚೆನ್ನಾಗಿಯೋ ಹಿಂಗಾರಿ ಚೆನ್ನಾಗಿಯೋ ಎಂದು ಹೇಳುವುದುಂಟು. ಅಲ್ಲಿ ಪಕ್ಷಪಾತ ಇಲ್ಲವೇ? ಬೇಕಾದಷ್ಟಿದೆ. ಓಣಿಯವರು ತಮ್ಮ ಓಣಿಯ ಎತ್ತಿಗೇ ಸಿಳ್ಳೆ ಹೊಡೆಯುತ್ತಾರೆ. ಕುಸ್ತಿಯ ಕಣದಲ್ಲೂ ಅಷ್ಟೇ, ತಮ್ಮೂರ ಪೈಲ್ವಾನನ ಹೆಸರು ಕೂಗಿ ಗಂಟಲು ಹರಿದುಕೊಳ್ಳುತ್ತಾರೆ. ಆದರೆ ಸಿಳ್ಳೆ ಕರಿ ಹರಿಯುವುದಿಲ್ಲ, ಎತ್ತೇ ಹರಿಯಬೇಕು. ಕೂಗಿನಿಂದ ಎದುರಾಳಿಯ ಬೆನ್ನು ಮಣ್ಣಿಗೆ ತಾಗುವುದಿಲ್ಲ, ಪೈಲ್ವಾನನೇ ತಾಗಿಸಬೇಕು. ಹಳೆಯ ಕಣದಲ್ಲಿ ಅಭಿಮಾನಕ್ಕೆ ಒಂದು ಜಾಗ, ಫಲಿತಾಂಶಕ್ಕೆ ಇನ್ನೊಂದು ಜಾಗ ಇತ್ತು. ಆನ್‌ಲೈನ್ ಸ್ಪರ್ಧೆ ಸಿಳ್ಳೆಯನ್ನೇ ಎಣಿಸಿ ಅದನ್ನೇ ಫಲಿತಾಂಶ ಎಂದಿತು. ಕಾರು ಅಲ್ಲಿ ನೆಪವಾಯಿತು.

ಬಲ್ಲವರು ಈ ಎರಡು ಜಾಗಗಳನ್ನು ಮತ್ತೆ ಬೇರ್ಪಡಿಸಲು ನೋಡಿದ್ದುಂಟು. ಶತಮಾನದ ಕಾರು ಯಾವುದೆಂದು 1999ರಲ್ಲಿ ಒಂದು ಅಂತಾರಾಷ್ಟ್ರೀಯ ಆಯ್ಕೆ ನಡೆದಾಗ ಪಟ್ಟಿ ಕಿರಿದು ಮಾಡುವಲ್ಲಿ ಇಂಟರ್ನೆಟ್ಟಿನ ಸಾರ್ವಜನಿಕ ಮತಕ್ಕೂ ಅವಕಾಶವಿತ್ತು, ಕೊನೆಯ ತೀರ್ಪು ಹಲವು ದೇಶಗಳ ವಾಹನ ಪತ್ರಕರ್ತರದು. ಗೆದ್ದದ್ದು ಫೋರ್ಡ್ ಮಾಡೆಲ್ ಟಿ. ತಜ್ಞರು ತಪ್ಪುವುದಿಲ್ಲ ಎಂದೇನಲ್ಲ. ಆದರೆ ತಪ್ಪಿದರೆ ಯಾರು ತಪ್ಪಿದರು, ಯಾಕೆ ತಪ್ಪಿದರು ಎಂದು ಅವರನ್ನು ಕೇಳಬಹುದು. ಮುನ್ನೂರು ಒತ್ತುವಿಕೆಗಳನ್ನು ಏನೆಂದು ಕೇಳುವುದು?

ಸಿಳ್ಳೆಯನ್ನೇ ಎಣಿಸಿದರೂ ಎಲ್ಲರಿಗೂ ಒಳಿತೆನಿಸಿದ ಒಂದು ಉದಾಹರಣೆಯಿದೆ. ನ್ಯೂಜಿಲೆಂಡಿನಲ್ಲಿ ಪ್ರತಿ ವರ್ಷ ಆನ್‌ಲೈನಿನಲ್ಲಿ ವರ್ಷದ ಹಕ್ಕಿಯನ್ನು ಆರಿಸುತ್ತಾರೆ. 2023ರಲ್ಲಿ ಅದು ಶತಮಾನದ ಹಕ್ಕಿಯ ಆಯ್ಕೆಯಾಗಿತ್ತು. ಅಮೆರಿಕದ ಟಿವಿ ಹಾಸ್ಯಗಾರ ಜಾನ್ ಆಲಿವರ್ ಪೂಟೆಕೆಟೆಕೆ ಎಂಬ ನೀರುಹಕ್ಕಿಯ ಪರ ನಿಂತು, ತನ್ನ ಕಾರ್ಯಕ್ರಮದಲ್ಲೇ ಜಗತ್ತಿನ ಜನರನ್ನು ಮತ ಕೇಳಿದ. ಹಕ್ಕಿಗೆ 2,90,374 ಮತ ಬಿದ್ದವು. ಎರಡನೆಯ ಸ್ಥಾನದ ಕಿವಿ ಹಕ್ಕಿಗೆ ಹದಿಮೂರು ಸಾವಿರದಷ್ಟು. ಆದರೂ ಆ ಗೆಲುವು ಹೆಚ್ಚಿನವರಿಗೆ ಕೆಟ್ಟದೆನಿಸಲಿಲ್ಲ. ಕೇಳಿದ್ದು ಬಹಿರಂಗವಾಗಿ. ಗೆಲುವಿನ ಅರ್ಥವೇನೆಂದು ಎಲ್ಲರಿಗೂ ಗೊತ್ತಿತ್ತು. ಅದು ಎಲ್ಲಕ್ಕಿಂತ ಚೆಂದದ ಹಕ್ಕಿ ಎಂದು ಯಾರೂ ಗಂಭೀರವಾಗಿ ಸಾಧಿಸಲಿಲ್ಲ. ಆ ದೇಶದಲ್ಲಿ ಸಾವಿರಕ್ಕೂ ಕಡಿಮೆ ಉಳಿದಿರುವ ಹಕ್ಕಿಯ ಹೆಸರು ಮನೆಮನೆಗೆ ತಲುಪಿತು, ಅಷ್ಟು ಸಾಕಿತ್ತು. ಅಂದರೆ ಬೆಂಬಲ ಕೇಳುವುದರಲ್ಲಿ ದೋಷವಿಲ್ಲ. ಗೆದ್ದ ಮೇಲೆ ಆ ಬೆಂಬಲವನ್ನು ಬೇರೆ ಹೆಸರಿನಿಂದ ಕರೆದಾಗ ದೋಷ ಹುಟ್ಟುತ್ತದೆ.

ಬೇರೆ ಹೆಸರಿನಿಂದ ಕರೆದರೆ ನಷ್ಟ ಯಾರಿಗೆ? ಕೇಳಲು ಬಾರದವರಿಗೆ, ಕೇಳಲು ಯಾರೂ ಇಲ್ಲದವರಿಗೆ. ಒಂದು ಕಾರಿನ ಮಟ್ಟಿಗೆ ಇದು ಸಣ್ಣ ಸಂಗತಿ. ಊರುಗಳ ಮಟ್ಟಕ್ಕೆ ಬಂದರೆ ಸಣ್ಣದಲ್ಲ. 2023ರ ಫೆಬ್ರುವರಿಯಲ್ಲಿ ಕನ್ನಡಪ್ರಭ ಮತ್ತು ಏಷ್ಯಾನೆಟ್ ಸುವರ್ಣ ನ್ಯೂಸ್‌ನ ಅಭಿಯಾನದ ಕೊನೆಗೆ ಕರ್ನಾಟಕದ ಏಳು ಅದ್ಭುತಗಳ ಪಟ್ಟಿ ಹೊರಬಂತು. ಜನರ ಮತಕ್ಕೂ ಅದರಲ್ಲಿ ಪಾಲಿತ್ತು. ಹಿರೇಬೆಣಕಲ್ಲಿನ ಶಿಲಾ ಸಮಾಧಿಗಳು, ಹಂಪಿ, ಶ್ರವಣಬೆಳಗೊಳದ ಗೊಮ್ಮಟ, ಗೋಳಗುಮ್ಮಟ, ಮೈಸೂರು ಅರಮನೆ, ಜೋಗ, ನೇತ್ರಾಣಿ. ಆ ಪಟ್ಟಿಯ ಮೇಲೆ ನನಗೆ ತಕರಾರಿಲ್ಲ. ಹೆಚ್ಚು ಜನ ನೋಡದ ಹಿರೇಬೆಣಕಲ್ ಅದರಲ್ಲಿ ಸೇರಿದ್ದು ಸಂತೋಷವೇ. ನನ್ನ ಮಾತು ಇಂಥ ಪಟ್ಟಿಗಳನ್ನು ಓದುವ ಬಗೆಯ ಮೇಲೆ. ಅದರಲ್ಲಿ ಯಾದಗಿರಿ ಜಿಲ್ಲೆಯ ಒಂದೂ ಜಾಗವಿಲ್ಲ ಎಂದರೆ ಇಲ್ಲಿ ನೋಡುವಂಥದ್ದಿಲ್ಲ ಎಂದು ಅರ್ಥವಲ್ಲ. ಶಹಾಪುರದ ಬೆಟ್ಟಸಾಲು ದೂರದಿಂದ ಥೇಟ್ ಮಲಗಿದ ಬುದ್ಧ. ಗೋಗಿಯಲ್ಲಿ ಆದಿಲ್‌ಶಾಹಿ ಮನೆತನದ ಮೊದಲ ಸುಲ್ತಾನರ ಸಮಾಧಿಗಳಿವೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿದಿಬ್ಬವನ್ನು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ತೋರಿಸಿದೆ. ದೇವರ ದಾಸಿಮಯ್ಯನ ಊರಾದ ಮುದನೂರೂ ಇಲ್ಲೇ. ಇವುಗಳಿಗೆ ಲಿಂಕ್ ಹಂಚುವ ಪಡೆಯಿಲ್ಲ. ಇಲ್ಲಿಯ ಎಷ್ಟೋ ಜನ ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗಿ ಇಟ್ಟಿಗೆ ಹೊರುತ್ತಿದ್ದಾರೆ. ರಾತ್ರಿ ಹನ್ನೆರಡರೊಳಗೆ ಒತ್ತಬೇಕೆಂದು ಅವರಿಗೆ ನೆನಪಿಸುವವರು ಯಾರು? ಮತಗಳ ಎಣಿಕೆ ಅಳೆಯುವುದು ಬಿಡುವಿರುವ ಗೆಳೆಯರು ಎಷ್ಟಿದ್ದಾರೆ ಎಂಬುದನ್ನು. ಅದನ್ನೇ ಯೋಗ್ಯತೆ ಎಂದು ಓದಿದರೆ, ಮೇಷ್ಟ್ರ ಫಿಯಟ್ಟಿಗೆ ಆದದ್ದು ಒಂದಿಡೀ ಸೀಮೆಗೆ ಆಗುತ್ತದೆ.

ಮುಯ್ಯಿಗೂ ಒಂದು ಕತ್ತಲೆಯ ಬದಿ ಇದೆ, ಅದನ್ನು ಮುಚ್ಚಿಡಬಾರದು. ಕನ್ನಡದಲ್ಲಿ ಉಡುಗೊರೆ ತಿರುಗಿ ಕೊಡುವುದೂ ಮುಯ್ಯಿ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. ಭಾಷೆ ಬಹಳ ತಿಳಿದೇ ಈ ಎರಡನ್ನೂ ಒಂದೇ ಶಬ್ದದಲ್ಲಿ ಇಟ್ಟಿದೆ. “ನಿನಗ ನಾ ಹಾಕಿದ್ದೆ, ನನಗ ನೀ ಹಾಕಲಿಲ್ಲ” ಎಂಬ ಮಾತು ಬಂದ ದಿನ ಗೆಳೆತನ ಸಾಲದ ಪುಸ್ತಕವಾಗುತ್ತದೆ. ಇದೇ ರೂಢಿ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೂ ನಮ್ಮ ಜೊತೆ ಬರುತ್ತದೆ. “ನಮ್ಮವ ಇದ್ದಾನ, ಒಂದು ಓಟ್ ಹಾಕ್ರಿ” ಎಂಬ ಮಾತಿಗೆ, ಎದುರಿಗೆ ನಿಂತವರು ಯಾರೆಂದು ನೋಡದೆ ತಲೆಯಾಡಿಸುವ ಅಭ್ಯಾಸ ನಮಗೆ ಮೊದಲೇ ಇತ್ತು. ಫೋನು ಅದಕ್ಕೆ ದಿನಾ ತಾಲೀಮು ಕೊಡುತ್ತಿದೆ. ಕಾರಿನ ಸ್ಪರ್ಧೆ ಮುಖ್ಯವಲ್ಲದಿರಬಹುದು. ನೋಡದೆ ಒತ್ತುವ ಬೆರಳು ಮಾತ್ರ ಎರಡೂ ಕಡೆ ಒಂದೇ.

ಹಾಗಾದರೆ ಹುಡುಗ ಏನು ಮಾಡಬೇಕಿತ್ತು? ಕೇಳಬಾರದಿತ್ತು ಎಂದು ನಾನು ಹೇಳಲಾರೆ. “ಹಾಕ್ರಿ” ಎನ್ನುವ ಬದಲು “ಎಲ್ಲಾ ಗಾಡಿ ನೋಡ್ರಿ, ನಮ್ಮದು ಮನಸ್ಸಿಗೆ ಬಂದ್ರ ಹಾಕ್ರಿ” ಎಂದಿದ್ದರೆ ಸಾಕಿತ್ತು. ಎರಡು ವಾಕ್ಯಗಳ ನಡುವೆ ನಾಲ್ಕಾರು ಶಬ್ದಗಳ ಅಂತರ. ಮೊದಲನೆಯದು ಗೆಳೆಯನ ಬೆರಳನ್ನು ಕೇಳುತ್ತದೆ, ಎರಡನೆಯದು ಅವನ ಕಣ್ಣನ್ನೂ ಕೇಳುತ್ತದೆ. ಎರಡನೆಯ ರೀತಿ ಕೇಳಿದರೆ ಮತಗಳು ಕಡಿಮೆಯಾಗುತ್ತವೆ, ಬೇರೆಯವರು ಮೊದಲನೆಯ ರೀತಿಯಲ್ಲೇ ಕೇಳುತ್ತಿರುವಾಗ ಸೋಲಲೂಬಹುದು ಎಂಬ ಆಕ್ಷೇಪ ಸರಿಯಾದದ್ದೇ. ಸೋಲಬಹುದು. ಆದರೆ ಇಲ್ಲಿ ಸೋತರೆ ಹೋಗುವುದು ಒಂದು ಕಪ್ಪು, ಒಂದು ಪ್ರಮಾಣಪತ್ರ. ಇಷ್ಟು ಅಗ್ಗದಲ್ಲಿ ಪ್ರಾಮಾಣಿಕವಾಗಿರಲು ಸಿಕ್ಕ ಅವಕಾಶವನ್ನೂ ಬಿಟ್ಟುಕೊಟ್ಟರೆ, ದುಬಾರಿಯಾದ ದಿನ ನಮ್ಮಿಂದ ಏನಾದೀತು?

ಕೇಳಿಸಿಕೊಂಡವನಿಗೂ ಒಂದು ಕರ್ತವ್ಯವಿದೆ. “ನೋಡಿ ಹಾಕ್ತೀನಪ್ಪ” ಎನ್ನುವ ಸ್ವಾತಂತ್ರ್ಯ ಅವನು ಉಳಿಸಿಕೊಳ್ಳಬೇಕು. ನೋಡಿದ ಮೇಲೆ ಮೇಷ್ಟ್ರ ಫಿಯಟ್ಟೇ ಹಿಡಿಸಿತು ಎನ್ನಿ. ಅದಕ್ಕೇ ಮತ ಹಾಕಿ, ಗೆಳೆಯನಿಗೆ ಅದನ್ನು ಹೇಳಿ, ಆಮೇಲೂ ಅವನ ಕಾರಿಗೆ ಬಿಡಿಭಾಗ ಹುಡುಕಿ ಕೊಡಬಹುದು. ಅಂಥ ಮಾತನ್ನು ತಾಳಿಕೊಳ್ಳುವ ಗೆಳೆತನ ಸಾವಿರ ಮತಗಳಿಗಿಂತ ದೊಡ್ಡದು. ಗೆದ್ದವನಂತೂ ತನ್ನ ಗೆಲುವಿಗೆ ಅದರದೇ ಹೆಸರಿಡಬೇಕು: “ನನ್ನ ಕಾರು ಎಲ್ಲಕ್ಕಿಂತ ಮೇಲು ಅಂತ ಅಲ್ಲ, ನನ್ನ ಜೊತೆ ಇಷ್ಟು ಜನ ಇದ್ದಾರ.” ಈ ಮಾತು ಗೆಲುವನ್ನು ಚಿಕ್ಕದು ಮಾಡುವುದಿಲ್ಲ. ಬೇವಿನ ಮರದ ಕೆಳಗಿನ ತುಕ್ಕಿನಿಂದ ಒಂದು ಕಾರನ್ನು ಎಬ್ಬಿಸುವಾಗ ಜೊತೆಗೆ ಜನರಿರುವುದು ಸಣ್ಣ ಸಾಧನೆಯೇನಲ್ಲ.

ಮದುವೆಯ ಮುಯ್ಯಿಯ ನೋಟ್‌ಬುಕ್ಕಿಗೂ ಸ್ಪರ್ಧೆಯ ಪರದೆಗೂ ಒಂದು ವ್ಯತ್ಯಾಸವಿದೆ. ನೋಟ್‌ಬುಕ್ಕಿನಲ್ಲಿ ಮೊತ್ತದ ಎದುರು ಹೆಸರಿರುತ್ತದೆ, ಊರಿರುತ್ತದೆ. ವರ್ಷಗಳ ಮೇಲೆ ತೆರೆದರೂ ಯಾರು ಬಂದಿದ್ದರು, ಯಾರ ಮನೆಗೆ ನಾವಿನ್ನೂ ಹೋಗಬೇಕು ಎಂದು ಗೊತ್ತಾಗುತ್ತದೆ. ಪರದೆಯ ಮೇಲೆ ಮೊತ್ತ ಮಾತ್ರ. ತನಗೆ ಬಿದ್ದ ಮತಗಳಲ್ಲಿ ಎಷ್ಟರ ಎದುರು ಹೆಸರು ಬರೆಯಬಲ್ಲೆ, ಅವರಲ್ಲಿ ಎಷ್ಟು ಜನರ ಕಷ್ಟಕ್ಕೆ ನಾಳೆ ಹೋಗಿ ನಿಲ್ಲಬಲ್ಲೆ ಎಂದು ಹುಡುಗ ಒಂದು ಸಂಜೆ ಕೂತು ಲೆಕ್ಕ ಹಾಕಲಿ. ಬಂದ ಸಂಖ್ಯೆ ಚಿಕ್ಕದಿರಬಹುದು, ಆದರೆ ಅವನು ನಿಜವಾಗಿ ಗೆದ್ದದ್ದು ಅಷ್ಟು.